ಗುಂಡಿ ಒತ್ತದಿದ್ದರೆ ಹಸಿವು ನೀಗುತ್ತದೆಯೇ?

1969ರ ಜುಲೈ 15. ಅಪೊಲೊ 11 ಚಂದ್ರನತ್ತ ಹಾರಲು ಇನ್ನೊಂದೇ ದಿನ. ಫ್ಲೋರಿಡಾದ ಉಡಾವಣಾ ಕೇಂದ್ರಕ್ಕೆ ತುಂತುರು ಮಳೆಯಲ್ಲಿ ಬಡ ಕುಟುಂಬಗಳ ಮೆರವಣಿಗೆಯೊಂದು ಬಂತು. ಜೊತೆಗೆ ಹೇಸರಗತ್ತೆಯ ಗಾಡಿಗಳು. ಮುಂದಾಳು ರಾಲ್ಫ್ ಅಬರ್ನ್ಯಾಥಿ, ಮಾರ್ಟಿನ್ ಲೂಥರ್ ಕಿಂಗ್ ಅವರ ಒಡನಾಡಿ. ಹಸಿದವರಿರುವಾಗ ಚಂದ್ರನಿಗೆ ಇಷ್ಟು ದುಡ್ಡೇಕೆ ಎಂಬುದು ಅವರ ಪ್ರಶ್ನೆ. ನಾಸಾದ ಮುಖ್ಯಸ್ಥ ಥಾಮಸ್ ಪೇನ್ ಬಯಲಿಗೇ ಬಂದು ಅವರನ್ನು ಕಂಡರು. ನಾಳೆ ಗುಂಡಿ ಒತ್ತದಿದ್ದರೆ ಬಡತನ ನೀಗುವುದಾದರೆ ನಾವು ಒತ್ತುವುದೇ ಇಲ್ಲ ಎಂಬುದು ಅವರ ಮಾತಿನ ಸಾರ.

ಜಾಣತನದ ಉತ್ತರ, ಕಾಲವೂ ಅದನ್ನು ಒರೆಗೆ ಹಚ್ಚಿತು. 1966ರಲ್ಲಿ ಅಮೆರಿಕದ ಕೇಂದ್ರ ಬಜೆಟ್ಟಿನ ಶೇ. 4.4ರಷ್ಟು ನಾಸಾಕ್ಕೆ ಹೋಗುತ್ತಿತ್ತು. ಈಗ ಅದು ಶೇ. 0.5ಕ್ಕಿಂತಲೂ ಕಡಿಮೆ. ಹಾಗೆ ಉಳಿದದ್ದು ಹಸಿದವರ ತಟ್ಟೆಗೆ ಬಿತ್ತು ಎಂದು ಎದೆ ತಟ್ಟಿ ಹೇಳುವವರು ಯಾರೂ ಇಲ್ಲ.

ಹಾಗೆಂದು ರಾಕೆಟ್ ಅಭಿಮಾನಿಗಳ ವಾದಗಳೆಲ್ಲ ನನಗೆ ಒಪ್ಪಿಗೆಯಲ್ಲ. ತಳ ಹಿಡಿಯದ ಬಾಣಲೆ ಬಾಹ್ಯಾಕಾಶದ ಕೊಡುಗೆ ಎನ್ನುತ್ತಾರೆ. ಅದಕ್ಕೆ ಬಳಿಯುವ ಟೆಫ್ಲಾನ್ 1938ರಲ್ಲೇ ಸಿಕ್ಕಿತ್ತು, ಮೊದಲ ಉಪಗ್ರಹ ಹಾರಿದ್ದು 1957ರಲ್ಲಿ. ಅಷ್ಟಕ್ಕೂ ಬಾಣಲೆ ಬೇಕಿದ್ದರೆ ಬಾಣಲೆಗೇ ದುಡ್ಡು ಹಾಕಬಹುದಲ್ಲ!

ನನ್ನ ಮನಸ್ಸು ಸೆಳೆಯುವುದು ಬೇರೆಯೇ ಸಂಗತಿ. 2002ರಲ್ಲಿ ಗ್ರೇಸ್ ಎಂಬ ಅವಳಿ ಉಪಗ್ರಹಗಳು ಹಾರಿದವು. ಒಂದರ ಹಿಂದೆ ಇನ್ನೊಂದು, ನಡುವೆ ಸುಮಾರು 220 ಕಿಲೋಮೀಟರ್. ಕೆಳಗೆ ದ್ರವ್ಯರಾಶಿ ಹೆಚ್ಚಿರುವ ಜಾಗ ಬಂದಾಗ ಮುಂದಿನದು ಮೊದಲು ಸೆಳೆತಕ್ಕೆ ಸಿಕ್ಕಿ ತುಸು ಮುನ್ನುಗ್ಗುತ್ತದೆ, ಅಂತರ ಹಿಗ್ಗುತ್ತದೆ. ಬಳಿಕ ಹಿಂದಿನದೂ ಸೆಳೆತಕ್ಕೆ ಸಿಗುತ್ತದೆ, ಅಂತರ ಕುಗ್ಗುತ್ತದೆ. ಕೂದಲೆಳೆಯ ದಪ್ಪಕ್ಕಿಂತ ಕಿರಿದಾದ ಏರಿಳಿತವನ್ನೂ ಮೈಕ್ರೊವೇವ್ ಅಲೆಗಳಿಂದ ಅಳೆಯುತ್ತಿದ್ದರು. ನೆಲದಡಿಯ ನೀರು ಬರಿದಾದರೆ ಅಲ್ಲಿನ ಸೆಳೆತವೂ ತಗ್ಗುತ್ತದೆ. ಭೂಮಿಯನ್ನೇ ತಿಂಗಳು ತಿಂಗಳು ತಕ್ಕಡಿಗೆ ಹಾಕಿದ ಹಾಗೆ! ರಾಜಸ್ಥಾನ, ಪಂಜಾಬ್, ಹರಿಯಾಣದ ಸೀಮೆ 2002ರಿಂದ 2008ರೊಳಗೆ 109 ಘನ ಕಿಲೋಮೀಟರ್ ಅಂತರ್ಜಲ ಕಳೆದುಕೊಂಡದ್ದು ಗೊತ್ತಾದದ್ದು ಹೀಗೆ. ಆ ವರ್ಷಗಳಲ್ಲಿ ಮಳೆ ಹೆಚ್ಚುಕಡಿಮೆ ವಾಡಿಕೆಯಷ್ಟೇ ಆಗಿತ್ತು. ನೀರು ಹೋದದ್ದು ಪಂಪುಗಳ ಬಾಯಿಗೆ.

ಈ ಖರ್ಚನ್ನು ಆಕಾಶದ ಲೆಕ್ಕಕ್ಕೆ ಬರೆಯಬೇಕೋ, ನೆಲದ ಲೆಕ್ಕಕ್ಕೋ?

ತಕ್ಕಡಿ ತೂಕ ಹೇಳಿತು ನಿಜ, ಪಂಪು ನಿಲ್ಲಿಸಲಿಲ್ಲ. ಅದಕ್ಕೆ ಬೆಳೆ, ಬೆಂಬಲ ಬೆಲೆ, ವಿದ್ಯುತ್ ದರದ ತೀರ್ಮಾನಗಳು ಬೇಕು. ಅವಕ್ಕೆ ಅಡ್ಡಿಯಾಗಿರುವುದು ರಾಕೆಟ್ಟಿನ ಖರ್ಚಲ್ಲ. ಆದ್ದರಿಂದ 'ಬಾಹ್ಯಾಕಾಶ' ಎಂದು ಒಂದೇ ಗಂಟು ಕಟ್ಟಿ ಬೇಕು, ಬೇಡ ಎನ್ನುವುದಕ್ಕಿಂತ ಒಂದೊಂದು ಯೋಜನೆಯನ್ನೂ ಬೇರೆಬೇರೆಯಾಗಿ ಪ್ರಶ್ನಿಸುವುದು ಮೇಲು. ಮನುಷ್ಯರನ್ನು ಮಂಗಳಕ್ಕೆ ಕಳಿಸುವ ಕನಸು ಸರದಿಯ ತುದಿಯಲ್ಲಿ ನಿಂತರೂ ನನಗೆ ಬೇಸರವಿಲ್ಲ. ತಕ್ಕಡಿ ಮಾತ್ರ ಮುಂದೆ ನಿಲ್ಲಬೇಕು. ಹಳೆಯ ಗ್ರೇಸ್ 2017ರಲ್ಲಿ ಮುಗಿಯಿತು, ಅದರ ಉತ್ತರಾಧಿಕಾರಿ ಹಾರಿದ್ದು 2018ರ ಮೇ ತಿಂಗಳಲ್ಲಿ. ನಡುವಿನ ತಿಂಗಳುಗಳಲ್ಲಿ ಈ ತಕ್ಕಡಿ ಬರೆಯಬೇಕಿದ್ದ ನೀರಿನ ಲೆಕ್ಕ ಇಂದಿಗೂ ಖಾಲಿ.