ಅತ್ತೆ ಬಂದಳೋ, ಬಂದರೋ?

ಬಸವನಗುಡಿಯ ನಮ್ಮ ಮನೆಯ ಮೇಜಿನ ಮೇಲೆ ಸದಾ ಯಾರದಾದರೂ ಕತೆ ಬಿದ್ದಿರುತ್ತದೆ. ತಿದ್ದಿಕೊಡುವುದು ನನ್ನ ಕೆಲಸ. ಮೊನ್ನೆ ಬಂದ ಒಂದರಲ್ಲಿ ಹೀಗಿತ್ತು:

'ಸುಧಾ ಹಾಲು ಕಾಯಿಸುತ್ತಿದ್ದಳು. ಬಾಗಿಲು ಸದ್ದಾಯಿತು. ಜಯಮ್ಮ ಚೀಲ ಹಿಡಿದು ಒಳಗೆ ಬಂದಳು. ಗಾಂಧಿ ಬಜಾರಿನಲ್ಲಿ ಅವರೆಕಾಯಿ ದುಬಾರಿಯೆಂದು ಅವಳಿಗೆ ಸಿಟ್ಟು ಬಂದಿತ್ತು.'

ವ್ಯಾಕರಣ ಸರಿಯಾಗೇ ಇದೆ. ಆದರೆ ಜಯಮ್ಮ ಸುಧಾಳ ಅತ್ತೆ. ಒಲೆ ಮುಂದೆ ನಿಂತ ಸೊಸೆಗೆ ಅತ್ತೆ 'ಬಂದಳು' ಆಗೋದು ಹೇಗೆ? ಅಲ್ಲಿಯವರೆಗೆ ಸುಧಾಳ ಪಕ್ಕದಲ್ಲೇ ನಿಂತಿದ್ದ ಓದುಗರು ಒಂದೇ ಕ್ರಿಯಾಪದಕ್ಕೆ ಮನೆಯಿಂದ ಆಚೆ ಬಂದುಬಿಟ್ಟರು. ಸಿಟ್ಟಿನ ಕಾರಣವೂ ಅಷ್ಟೇ. ಅದು ಜಯಮ್ಮನ ತಲೆಯೊಳಗಿದೆ, ಸುಧಾಗೆ ಹೇಗೆ ಗೊತ್ತಾಗಬೇಕು?

ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಬರೆದೆ: 'ಅತ್ತೆ ಬಂದರು. ಚೀಲವನ್ನು ಕಟ್ಟೆ ಮೇಲೆ ಕುಕ್ಕಿದರು. ಅವರೆಕಾಯಿ ವಿಪರೀತ ರೇಟಂತೆ.'

ಆ 'ಅಂತೆ' ನೋಡಿ. ಸುಧಾ ಇದನ್ನು ಕಣ್ಣಾರೆ ಕಂಡಿಲ್ಲ, ಕೇಳಿದ್ದಾಳೆ ಅನ್ನೋದು ಅದರಲ್ಲೇ ಬಂತು. ಸೊಸೆಯ ಸಣ್ಣ ಕೊಂಕೂ ಸೇರಿಕೊಂಡಿತು. ಬೇಡ ಅನಿಸಿದರೆ ತೆಗೆಯಬಹುದು, ನನಗೇನೋ ಇಷ್ಟವಾಯಿತು.

ದೃಷ್ಟಿಕೋನ, ಅಂದರೆ ಕತೆಯನ್ನು ಯಾರ ಕಣ್ಣಿಂದ ನೋಡುತ್ತೇವೆ ಅನ್ನೋದರ ಮಾತು ಬಂದ ಕೂಡಲೇ 'ನಾನು ಅಂತ ಬರೆಯಲೋ, ಅವನು ಅಂತಲೋ' ಎಂದು ಕೇಳುವವರೇ ಜಾಸ್ತಿ. ಅದು ಸುಲಭದ ಭಾಗ. ಹೇಳುವವರಿಗೆ ಎಷ್ಟು ಗೊತ್ತಿರಬೇಕು ಅನ್ನೋದೇ ಕಷ್ಟ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಕಾದಂಬರಿಯಲ್ಲಿ ಕತೆ ಹೇಳುವವನು ಒಬ್ಬ ಕೃಷಿಕ. ವಿಜ್ಞಾನಿ ಕರ್ವಾಲೊ ಹಳ್ಳಿಗ ಮಂದಣ್ಣನಲ್ಲಿ ಅಂಥದ್ದೇನು ಕಂಡರು ಅಂತ ಅವನಿಗೇ ಮೊದಲು ತಿಳಿಯುವುದಿಲ್ಲ. ಹಾಗಾಗಿ ನಮಗೂ ಇಲ್ಲ. ಕರ್ವಾಲೊ ಅವರೇ ಕತೆ ಹೇಳಲು ಕೂತಿದ್ದರೆ, ಅವರು ಹುಡುಕುತ್ತಿದ್ದ ಹಾರುವ ಓತಿಯ ಗುಟ್ಟು ಅಷ್ಟು ದಿನ ಉಳಿಯುತ್ತಿತ್ತಾ?

ಎಲ್ಲರ ಮನಸ್ಸಿಗೂ ಇಳಿಯುವ ನಿರೂಪಕ ಇರಬಾರದು ಅಂತಲ್ಲ. ಇರಲಿ, ಆದರೆ ಮೊದಲ ಪುಟದಿಂದಲೇ ಇರಲಿ. ಹತ್ತನೇ ಪುಟದಲ್ಲಿ ಸುಮ್ನೆ ಇಣುಕಿ ಹೋಗುವುದು ಬೇಡ.

ಕತೆಗಾರ್ತಿ ಫೋನ್ ಮಾಡಿದರು. "ಮೇಡಂ, ಹಾಗಾದ್ರೆ ಕತೆ ಪೂರ್ತಿ ಬಂದರು, ಹೋದರು ಅಂತಲೇ ಆಗತ್ತಲ್ವಾ?"

ಆಗಲಿ ಅಂದೆ. ಕೊನೆಯ ಪುಟದಲ್ಲಿ ಹೇಗೂ ದೊಡ್ಡ ಜಗಳ ಇದೆ. ಅದಾದ ಮೇಲೆ ಬಾಗಿಲು ಸದ್ದಾದಾಗ ಸುಧಾ ತಿರುಗಿ ನೋಡದೆ ಮನಸ್ಸಿನಲ್ಲೇ ಅಂದುಕೊಳ್ಳಲಿ: ಬಂದಳು.