ಮಿಕ್ಕಿದ ಅನ್ನ ಹಸುವಿಗಲ್ಲ

ಮದುವೆ ಸೀಸನ್ ಬಂದರೆ ನನ್ನ ಫೋನಿಗೆ ಬಿಡುವಿಲ್ಲ. "ಡಾಕ್ಟ್ರೇ, ಹಸು ಮೇವು ಮುಟ್ತಿಲ್ಲ, ಹೊಟ್ಟೆ ಉಬ್ಬಿದೆ, ಹಲ್ಲು ಕಡೀತಿದೆ." ನಿನ್ನೆ ಏನು ಹಾಕಿದ್ರಿ ಅಂತ ಕೇಳಿದರೆ ಉತ್ತರ ಒಂದೇ: "ಮಿಕ್ಕಿದ ಅನ್ನ ಅಷ್ಟೇ, ಬೇರೇನೂ ಇಲ್ಲ."

ಆ ಅನ್ನವೇ ಕಾಯಿಲೆ.

ಹಿಂದೆ ತಿಪಟೂರು, ಅರಸೀಕೆರೆ ಕಡೆ ಹಳ್ಳಿಕಾರ್, ಅಮೃತಮಹಲ್‌ನಂಥ ನಾಟಿ ತಳಿಯ ದನಗಳು ಬೆಳಗ್ಗೆ ಗೋಮಾಳಕ್ಕೋ ಕಾವಲಿಗೋ ಮೇಯಲು ಹೊರಟರೆ ಸಂಜೆಗೇ ವಾಪಸ್. ದಿನವೆಲ್ಲ ಹುಲ್ಲು, ನಡಿಗೆ. ಬಂದ ಮೇಲೆ ಒಂದು ಬಾನಿ ಕಲಗಚ್ಚು. ಅದರಲ್ಲಿ ಇರುತ್ತಿದ್ದದ್ದು ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಒಂದು ಹಿಡಿ ಅನ್ನ. ಏನೂ ಆಗುತ್ತಿರಲಿಲ್ಲ. ಈಗ ಎಷ್ಟೋ ಕಡೆ ಗೋಮಾಳವೇ ಉಳಿದಿಲ್ಲ. ದನ ಕಾಯುತ್ತಿದ್ದ ಹುಡುಗರು ಶಾಲೆಗೆ ಹೋಗುತ್ತಾರೆ, ಹೋಗಲೇಬೇಕು. ಸೀಮೆಹಸು ಕೊಟ್ಟಿಗೆಯಲ್ಲಿ ಕಟ್ಟಿದಲ್ಲೇ ನಿಂತಿರುತ್ತದೆ. ಡೇರಿಗೆ ಹಾಲು ಬೇಕು ಅಂತ ಹಿಂಡಿ, ಬೂಸಾ ಮೊದಲೇ ಜಾಸ್ತಿ. ಅದರ ಮೇಲೆ ಒಂದು ಹಂಡೆ ಅನ್ನ, ಪಾಯಸ!

"ಬೇಯಿಸಿದ ಅನ್ನ ತಾನೆ, ಬೇಗ ಅರಗುತ್ತೆ ಅಲ್ವಾ?" ಅಂತ ಕೇಳುತ್ತಾರೆ. ಬೇಗ ಅರಗುವುದೇ ತೊಂದರೆ. ಇದನ್ನು ದಯವಿಟ್ಟು ಇನ್ನೊಮ್ಮೆ ಓದಿ. ಹಸುವಿನ ದೊಡ್ಡ ಹೊಟ್ಟೆಯಲ್ಲಿ ಹುಲ್ಲು ಅರಗಿಸುವುದು ಸೂಕ್ಷ್ಮಜೀವಿಗಳು. ಅವು ನಿಧಾನವಾಗಿ ಕೆಲಸ ಮಾಡುತ್ತವೆ. ಹಸು ಗಂಟೆಗಟ್ಟಲೆ ಮೆಲುಕು ಹಾಕುವಾಗ ಸುರಿಯುವ ಜೊಲ್ಲಿನಲ್ಲಿ ಸೋಡಾ ಅಂಶ ಇರುತ್ತದೆ, ಹೊಟ್ಟೆಯ ಹುಳಿಯನ್ನು ಅದೇ ಹತೋಟಿಯಲ್ಲಿಡುತ್ತದೆ. ದೊಡ್ಡ ಹಸುವಿಗೆ ದಿನಕ್ಕೆ ಸುಮಾರು 100 ಲೀಟರ್ ಜೊಲ್ಲು ಬರುತ್ತದೆ. ಅನ್ನ ತಿಂದರೆ ಮೆಲುಕೇ ಕಡಿಮೆ. ದೋಸೆ ಹಿಟ್ಟು ಹುದುಗಿದ ಹಾಗೆ ಒಳಗೆ ಹುಳಿ ಏರುತ್ತದೆ, ಹುಲ್ಲು ಅರಗಿಸುವ ಜೀವಿಗಳು ಸಾಯುತ್ತವೆ. ಮೈಯ ನೀರೆಲ್ಲ ಹೊಟ್ಟೆಗೆ ಇಳಿಯುತ್ತದೆ. ಕಣ್ಣು ಗುಳಿ ಬೀಳುತ್ತದೆ, ಸಗಣಿ ನೀರಾಗಿ ಹುಳಿ ವಾಸನೆ ಹೊಡೆಯುತ್ತದೆ, ಹಸು ನೆಲ ಹಿಡಿಯುತ್ತದೆ. ಬದುಕಿದರೂ ಆಮೇಲೆ ಗೊರಸು ನೋವು ಬಂದು ಕುಂಟಬಹುದು.

ಗೃಹಪ್ರವೇಶದ ಮಾರನೇ ದಿನ ಒಬ್ಬ ಅಜ್ಜಿ ಕರೆಸಿದ್ದರು. "ಅನ್ನ ಚೆಲ್ಲಿದ್ರೆ ಪಾಪ ಅಲ್ವೇನಪ್ಪಾ? ಲಕ್ಷ್ಮಿ ತಿಂದ್ರೆ ಪುಣ್ಯ ಅಂತ ಹಾಕ್ದೆ." ಅವರನ್ನು ಬೈಯಲು ನನ್ನಿಂದ ಆಗಲಿಲ್ಲ. ಹೊಟ್ಟೆ ಕುಯ್ದು ಬಕೆಟ್‌ಗಟ್ಟಲೆ ಹುಳಿ ಬಂದ ಅನ್ನ ತೆಗೆದೆವು. ಅಜ್ಜಿ ಲಕ್ಷ್ಮಿಯ ಗಂಗೆದೊಗಲು ಸವರುತ್ತಾ ಪಕ್ಕದಲ್ಲೇ ನಿಂತಿದ್ದರು. ಲಕ್ಷ್ಮಿ ಉಳಿಯಿತು. ಎಲ್ಲ ಹಸುಗಳೂ ಉಳಿಯುವುದಿಲ್ಲ.

ಎಷ್ಟು ಅನ್ನ ಅಪಾಯ ಅಂತ ಒಂದೇ ಅಳತೆ ಹೇಳಲಾರೆ. ಹಸುವಿನ ಗಾತ್ರ, ಅಭ್ಯಾಸ ನೋಡಬೇಕು. ನೈವೇದ್ಯದ ಒಂದು ತುತ್ತಿಗೆ ನನ್ನ ತಕರಾರಿಲ್ಲ. ಜಾಸ್ತಿ ತಿಂದಿದೆ ಅಂತ ಗೊತ್ತಾದ ಕೂಡಲೇ, ಹಸು ಚೆನ್ನಾಗಿ ಕಂಡರೂ, ಪಶುವೈದ್ಯರಿಗೆ ಫೋನ್ ಮಾಡಿ. ಹಿಂಡಿ ನಿಲ್ಲಿಸಿ, ಒಣಹುಲ್ಲು ಮುಂದಿಡಿ. ಮಲಗಿದ ಹಸುವಿಗೆ ಗೊಟ್ಟದಲ್ಲಿ (ಔಷಧಿ ಕುಡಿಸುವ ಬಿದಿರಿನ ಕೊಳವೆ) ಸೋಡಾ ನೀರು ಹುಯ್ಯಬೇಡಿ, ಶ್ವಾಸಕೋಶಕ್ಕೆ ಇಳಿದೀತು. ಮಿಕ್ಕ ಅನ್ನವನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ತಿಪ್ಪೆ ಮೇಲೆ ಸುರಿದರೆ ಹಗ್ಗ ಕಿತ್ತುಕೊಂಡ ಹಸು ಸೀದಾ ಅಲ್ಲಿಗೇ ಹೋಗುತ್ತದೆ.