ಮರಿಯಾ ತೆರೇಸಾ: ಮದುವೆ, ಮಕ್ಕಳು, ಬೀಗತನ

ಆಸ್ಟ್ರಿಯಾವನ್ನು ಆಳಿದ ಹ್ಯಾಬ್ಸ್‌ಬರ್ಗ್ ಮನೆತನದ ಮಹಾರಾಣಿ ಮರಿಯಾ ತೆರೇಸಾ ಮೆಚ್ಚಿದವನನ್ನೇ ಮದುವೆಯಾದಳು. ಆದರೆ ತನ್ನ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಮಾತ್ರ ಆ ಅವಕಾಶ ಕೊಟ್ಟಳು. ಈ ಅಧ್ಯಾಯ ಓದುವಾಗ ಇದು ತಲೆಯಲ್ಲಿರಲಿ.

ಮದುವೆ ನಡೆದದ್ದು 1736ರ ಫೆಬ್ರವರಿ 12ರಂದು, ವಿಯೆನ್ನಾದಲ್ಲಿ. ಆಕೆಗೆ 18 ವರ್ಷ. ಗಂಡು ಲೊರೇನಿನ ಡ್ಯೂಕ್ ಫ್ರಾನ್ಸಿಸ್ ಸ್ಟೀಫನ್. ಲೊರೇನ್ ಇರುವುದು ಫ್ರಾನ್ಸಿನ ಮಗ್ಗುಲಲ್ಲೇ. ಅದು ಹ್ಯಾಬ್ಸ್‌ಬರ್ಗ್ ಮನೆಗೆ ಸೇರುವುದನ್ನು ಫ್ರಾನ್ಸ್ ಸುಮ್ನೆ ನೋಡುತ್ತಾ ಕೂರುತ್ತದಾ? ಫ್ರಾನ್ಸಿಸ್ ಅಪ್ಪ-ಅಜ್ಜಂದಿರ ನೆಲವನ್ನೇ ಬಿಟ್ಟುಕೊಡಬೇಕಾಯಿತು. ಬದಲಿಗೆ 1737ರಲ್ಲಿ ಇಟಲಿಯ ಟಸ್ಕನಿ ಸಿಕ್ಕಿತು.

ಮುಂದಿನ ಇಪ್ಪತ್ತು ವರ್ಷದಲ್ಲಿ 16 ಮಕ್ಕಳು: 11 ಹೆಣ್ಣು, 5 ಗಂಡು. ಪ್ರಾಯಕ್ಕೆ ಬಂದವರು 10 ಮಂದಿ. ಇದರ ನಡುವೆಯೇ 1740ರಲ್ಲಿ ಪಟ್ಟ, ಆಮೇಲೆ ಎಂಟು ವರ್ಷ ಉತ್ತರಾಧಿಕಾರದ ಯುದ್ಧ. ಗಂಡನಿಗೆ ಬೇರೆ ಹೆಂಗಸರ ಸಹವಾಸವೂ ಇತ್ತು. ಆದರೂ 1765ರಲ್ಲಿ ಅವನು ತೀರಿಕೊಂಡಾಗ, ತಮ್ಮ ದಾಂಪತ್ಯ 29 ವರ್ಷ, 6 ತಿಂಗಳು, 6 ದಿನ ನಡೆಯಿತು ಎಂದು ಆಕೆ ಲೆಕ್ಕ ಹಾಕಿ ಬರೆದಿಟ್ಟಳು. ಸಾಯುವ ತನಕ ಶೋಕದ ಉಡುಪು ಬಿಡಲಿಲ್ಲ.

ಈಗ ಇಟಲಿಯ ನೇಪಲ್ಸ್ ಸಂಬಂಧಕ್ಕೆ ಬನ್ನಿ. ಅಲ್ಲಿನ ರಾಜ ಫರ್ಡಿನಾಂಡನಿಗೆ ಮೊದಲು ಮದುವೆ ಗೊತ್ತಾಗಿದ್ದು ಮಗಳು ಯೊಹಾನ್ನಾ ಜೊತೆ. 1762ರಲ್ಲಿ ಸಿಡುಬಿಗೆ ಹೋದಳು, 12 ವರ್ಷ. ಅವಳ ಜಾಗಕ್ಕೆ ತಂಗಿ ಯೊಸೇಫಾ. 1767ರ ಅಕ್ಟೋಬರಿನಲ್ಲಿ, ಹೊರಡುವ ಹೊತ್ತಿಗೆ, ಅವಳೂ ಸಿಡುಬಿಗೆ ಬಲಿ. ಹಿಂದಿನ ಮೇ ತಿಂಗಳಲ್ಲಿ ಸತ್ತ ಅತ್ತಿಗೆಯ ಸಮಾಧಿಗೆ ಹೋದಾಗ ರೋಗ ತಗಲಿತು ಅಂತ ಕಥೆ ಉಂಟು. ನಂಬಬೇಡಿ. ಅಲ್ಲಿಗೆ ಹೋಗಿಬಂದ ಕೆಲವೇ ದಿನಕ್ಕೆ ಗುಳ್ಳೆ ಎದ್ದಿತ್ತು. ಸಿಡುಬು ತಗಲಿದ ಮೇಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಹತ್ತು ದಿನಕ್ಕಿಂತ ಜಾಸ್ತಿ ಬೇಕು. 1768ರಲ್ಲಿ ಮೂರನೆಯವಳು, ಕರೋಲಿನಾ, ಅದೇ ಗಂಡಿಗೆ ಹೋದಳು. ಹುಡುಗಿ ಯಾರಾದರೂ ಸರಿ, ಬೀಗತನ ತಪ್ಪಬಾರದು! ಅದೇ ವರ್ಷ ಮಹಾರಾಣಿ ವೈದ್ಯ ಇಂಗೆನ್‌ಹೌಸ್‌ನನ್ನು ಕರೆಸಿ, ಮನೆಯ ಮಕ್ಕಳಿಗೆ ಸಿಡುಬು ತಡೆಯುವ ಚುಚ್ಚು ಹಾಕಿಸಿದಳು.

ಮೆಚ್ಚಿದವನನ್ನು ಕಟ್ಟಿಕೊಂಡ ಆ ಒಬ್ಬಳು ಕ್ರಿಸ್ಟಿನಾ. ಅಮ್ಮನ ಮುದ್ದಿನ ಮಗಳು. 1766ರಲ್ಲಿ ಸ್ಯಾಕ್ಸನಿಯ ಆಲ್ಬರ್ಟನ ಕೈ ಹಿಡಿದಳು. ಅಮಾಲಿಯಾ ಕೂಡ ಒಬ್ಬನನ್ನು ಮೆಚ್ಚಿದ್ದಳು, ಅಮ್ಮ ಒಪ್ಪಲಿಲ್ಲ. 1769ರಲ್ಲಿ ಪಾರ್ಮಾದ ಡ್ಯೂಕನಿಗೆ ಕೊಟ್ಟಳು. ಪರೀಕ್ಷೆಯಲ್ಲಿ ಎಲ್ಲರೂ ಬರೆಯುವುದು ಕಿರಿಯವಳಾದ ಮರಿ ಆಂಟೊನೆಟ್ ಬಗ್ಗೆ. 1770ರಲ್ಲಿ, 14 ವರ್ಷಕ್ಕೇ, ಅವಳನ್ನು ಫ್ರಾನ್ಸಿಗೆ ಕೊಟ್ಟರು. ಅಲ್ಲಿ ಅವಳು ಹೇಗಿದ್ದಾಳೆ, ಏನು ಮಾಡುತ್ತಿದ್ದಾಳೆ ಎಂದು ರಾಯಭಾರಿ ಮೆರ್ಸಿ ಅಮ್ಮನಿಗೆ ಗುಟ್ಟಾಗಿ ವರದಿ ಕಳಿಸುತ್ತಿದ್ದ. ಮಗಳಿಗೆ ಅದು ಗೊತ್ತೇ ಇರಲಿಲ್ಲ.